ಸಮುದ್ರಪಾಚಿಯಲ್ಲಿ ಮಲೇರಿಯಾಗೆ, ಜಂತುಹುಳುವಿಗೆ ಮದ್ದು ಇದೆಯಾ?

ಪ್ರಶ್ನೆ: ಸಮುದ್ರಪಾಚಿಯ ಸಾರ ಮಲೇರಿಯಾ, ಲೀಶ್ಮೇನಿಯಾಸಿಸ್ (ಕಾಲಾ ಅಜರ್‌ನಂಥ ರೋಗ) ತರುವ ಪರಾವಲಂಬಿಗಳನ್ನು ಕೊಲ್ಲುತ್ತದೆ ಅಂತ ಓದಿದೆ. ನಿಜವಾದರೆ ಮಾತ್ರೆ ಯಾಕೆ ಬಂದಿಲ್ಲ?

ಉತ್ತರ (ಔಷಧ ಸಂಶೋಧಕಿ): ಕೊಲ್ಲುವುದು ನಿಜ. ಆದರೆ ಲ್ಯಾಬಿನ ತಟ್ಟೆಯಲ್ಲಿ ಬ್ಲೀಚ್ ಕೂಡ ಕೊಲ್ಲುತ್ತದೆ, ಅಲ್ವಾ? ನಾವು ನೋಡುವುದು ಬೇರೆ. ಪರಾವಲಂಬಿ ಎಷ್ಟು ಪ್ರಮಾಣಕ್ಕೆ ಸಾಯುತ್ತದೆ, ನಮ್ಮ ಜೀವಕೋಶ ಎಷ್ಟಕ್ಕೆ ಸಾಯುತ್ತದೆ? ಎರಡರ ನಡುವೆ ಅಂತರ ಜಾಸ್ತಿ ಇರಬೇಕು. ಬಹಳಷ್ಟು ಪಾಚಿ ಸಾರಗಳು ಇಲ್ಲೇ ಬಿದ್ದುಹೋಗುತ್ತವೆ.

ನನಗೆ ಆಸೆ ಹುಟ್ಟಿಸುವುದು ಫಿಜಿಯ ಕೆಂಪುಪಾಚಿ ಕ್ಯಾಲೋಫೈಕಸ್ ಸೆರಾಟಸ್. ಅದರಲ್ಲಿ ಬ್ರೋಮೋಫೈಕೋಲೈಡ್ ಎಂಬ ಸಂಯುಕ್ತಗಳಿವೆ. ಮಲೇರಿಯಾ ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದಾಗ ಅದರೊಳಗಿನ ಕಬ್ಬಿಣದ ಸಂಯುಕ್ತ ಹೀಮ್ ಉಳಿಯುತ್ತದೆ. ಹೀಮ್ ಆ ಪರಾವಲಂಬಿಗೇ ವಿಷ. ಹಾಗಾಗಿ ಅದನ್ನು ಹರಳು ಮಾಡಿ ಬದಿಗಿಡುತ್ತದೆ. ಬ್ರೋಮೋಫೈಕೋಲೈಡ್ ಎ ಆ ಹರಳು ಕಟ್ಟದಂತೆ ತಡೆಯುತ್ತದೆ. ಮಲೇರಿಯಾದ ಹಳೆಯ ಮದ್ದು ಕ್ಲೋರೋಕ್ವಿನ್ ಮಾಡುವುದೂ ಇದನ್ನೇ. ಹೀಗೆ ಎಲ್ಲಿ ಹೊಡೆಯುತ್ತದೆ ಅಂತ ಗೊತ್ತಾದ ಸಂಯುಕ್ತಕ್ಕೆ ಬೆಲೆ ಹೆಚ್ಚು. ಸುಮ್ನೆ 'ಸಾರ ಕೆಲಸ ಮಾಡಿತು' ಅಂದರೆ ಸಾಲದು. ಇನ್ನೊಂದು ಅಡ್ಡಿ, ಪಾಚಿಯಲ್ಲಿ ಇವು ಇರುವುದು ಚೂರೇ ಚೂರು. ಲ್ಯಾಬಿನಲ್ಲಿ ತಯಾರಿಸುವುದೂ ಸುಲಭವಲ್ಲ.

ಮರುಪ್ರಶ್ನೆ: ಹಾಗಾದರೆ ಮನುಷ್ಯರಿಗೆ ಕೊಟ್ಟ ಪಾಚಿ ಮದ್ದು ಒಂದೂ ಇಲ್ವಾ?

ಉತ್ತರ: ಇದೆ, ಮತ್ತು ಅದರ ಕಥೆ ಕೇಳಿದರೆ ನಾನು ಯಾಕೆ ಇಷ್ಟು ಹಿಂಜರಿಯುತ್ತೇನೆ ಅಂತ ತಿಳಿಯುತ್ತದೆ. ಜಪಾನಿನಲ್ಲಿ ಡೈಜೀನಿಯಾ ಸಿಂಪ್ಲೆಕ್ಸ್ ಎಂಬ ಕೆಂಪುಪಾಚಿಯನ್ನು ಜಂತುಹುಳುವಿಗೆ ಬಹಳ ಕಾಲದಿಂದ ಕೊಡುತ್ತಿದ್ದರು. 1953ರಲ್ಲಿ ಅದರಿಂದ ಕೈನಿಕ್ ಆಮ್ಲ ಬೇರ್ಪಟ್ಟಿತು. ಅದು ನರಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕದಂತೆ ನಟಿಸಿ ಹುಳುವಿನ ನರಗಳನ್ನು ಕೆಡಿಸುತ್ತದೆ. ಗ್ಲುಟಮೇಟ್ ನಮ್ಮ ಮಿದುಳಿನಲ್ಲೂ ಇದೆಯಲ್ಲ! ಇಂದು ಇದೇ ಕೈನಿಕ್ ಆಮ್ಲವನ್ನು ಲ್ಯಾಬಿನ ಇಲಿಗಳಲ್ಲಿ ಅಪಸ್ಮಾರ ಬರಿಸಲು ಬಳಸುತ್ತಾರೆ.

ಇದರ ನೆಂಟ ಡೊಮೊಯಿಕ್ ಆಮ್ಲ. ಇದೂ ಜಪಾನಿನಲ್ಲಿ ಹುಳುವಿಗೆ ಬಳಸುತ್ತಿದ್ದ ಇನ್ನೊಂದು ಕೆಂಪುಪಾಚಿಯಿಂದಲೇ ಸಿಕ್ಕಿದ್ದು. 1987ರಲ್ಲಿ ಕೆನಡಾದಲ್ಲಿ ಇದು ಸೇರಿದ್ದ ನೀಲಿಕಲ್ಲು ಎಂಬ ಚಿಪ್ಪುಜೀವಿ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕೆಲವರ ನೆನಪಿನ ಶಕ್ತಿಯೇ ಹೋಯಿತು, ಸಾವೂ ಆಯಿತು. ಅಲ್ಲಿ ವಿಷ ತಯಾರಿಸಿದ್ದು ಡಯಾಟಮ್ ಎಂಬ ಸೂಕ್ಷ್ಮಪಾಚಿ.

ಮರುಪ್ರಶ್ನೆ: ಸ್ಪಿರುಲಿನಾ ಎಂಬ ಪಾಚಿಯ ಪುಡಿ ತಗೊಂಡರೆ ಜಂತುಹುಳು ಹೋಗುತ್ತದಾ?

ಉತ್ತರ: ಅದನ್ನು ನಂಬಿ ಕೂರಬೇಡಿ. ಅದು ಪೂರಕ ಆಹಾರ, ಮದ್ದಲ್ಲ. ಜಂತುಹುಳುವಿಗೆ ಅಲ್ಬೆಂಡಜೋಲ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ವೈದ್ಯರನ್ನು ಕೇಳಿ ತಗೊಳ್ಳಿ. ದಡದ ಪಾಚಿ ಕಿತ್ತು ಕಷಾಯ ಮಾಡುವ ಯೋಚನೆ ಇದ್ದರೆ ಅದನ್ನೂ ಬಿಡಿ. ಡೊಮೊಯಿಕ್ ಆಮ್ಲ ಕುದಿಸಿದರೂ ಹೋಗುವುದಿಲ್ಲ.