ಪದ ಬೇಕು, ಅರ್ಜೆಂಟು: ಆಡಿಯೊ ‘ಡ್ರಾಪ್‌ಔಟ್’ಗೆ ಕನ್ನಡದಲ್ಲಿ ಏನನ್ನೋಣ?

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಸಂಜೆ ಐದರೊಳಗೆ ಒಂದು ಪದ ಬೇಕು. ಆಮೇಲೆ ಲ್ಯಾಮಿನೇಷನ್ ಅಂಗಡಿ ಮುಚ್ಚುತ್ತದೆ.

ನಾವು ಕೆಲವರು ಸೇರಿ ಇಲ್ಲೊಂದು ಪುಟ್ಟ ರೆಕಾರ್ಡಿಂಗ್ ಕೋಣೆ ನಡೆಸುತ್ತೇವೆ. ಸೋಬಾನೆ, ತತ್ವಪದ ಹಾಡುವವರನ್ನು ಕರೆಸುತ್ತೇವೆ. ಮೈಕಿಗೂ ಕಂಪ್ಯೂಟರಿಗೂ ನಡುವೆ ಒಂದು ಪೆಟ್ಟಿಗೆ ಇರುತ್ತದಲ್ಲ, ಆಡಿಯೊ ಇಂಟರ್‌ಫೇಸ್, ಅದು ತಿಂಗಳಿಂದ ಕಾಟ ಕೊಡುತ್ತಿದೆ. ಅಜ್ಜಿ ಹಾಡುತ್ತಿರುತ್ತಾರೆ, ಇದ್ದಕ್ಕಿದ್ದಂತೆ ದನಿ ಇಲ್ಲ. ಚಟ್ ಅಂತ ಒಂದು ಸದ್ದು, ಮತ್ತೆ ಹಾಡು. ಕೈಪಿಡಿಯಲ್ಲಿ ಇದಕ್ಕೆ ‘ಡ್ರಾಪ್‌ಔಟ್’ ಅಂತಾರೆ. ನಾನಿಲ್ಲದಾಗ ಹುಡುಗರೇ ಸರಿಮಾಡಿಕೊಳ್ಳಲಿ ಅಂತ ಗೋಡೆಗೆ ಅಂಟಿಸಲು ಒಂದು ಹಾಳೆ ಬರೆದಿದ್ದೇನೆ. ತಲೆಬರಹದ ಜಾಗ ಖಾಲಿ ಇದೆ. ಡ್ರಾಪ್‌ಔಟ್ ಅಂದರೆ ನಮ್ಮ ಹುಡುಗರಿಗೆ ಗೊತ್ತಿರುವುದು ಶಾಲೆ ಬಿಟ್ಟವರು ಅಂತ ಮಾತ್ರ.

ಇಂಥ ಸಾಧನವನ್ನು ಕಂಪ್ಯೂಟರಿಗೆ ಹೊಂದಿಸುವ ಸಾಫ್ಟ್‌ವೇರ್ ಇರುತ್ತದಲ್ಲ, ‘ಡ್ರೈವರ್’, ಅದಕ್ಕೆ ‘ಚಾಲಕ’ ಅಂತ ಬರೆದು ನೋಡಿದೆ. ‘ಹಳೆಯ ಚಾಲಕವನ್ನು ತೆಗೆದು ಹೊಸದನ್ನು ಹಾಕಿ.’ ಒಬ್ಬ ಓದಿ, ‘ಯಾವ ಬಸ್ಸಿಂದು ಅಕ್ಕಾ?’ ಅಂದ. ಡ್ರೈವರ್ ಅಂತಲೇ ಬಿಟ್ಟೆ. ಅದರ ಚರ್ಚೆ ಬೇಡ, ದಯವಿಟ್ಟು.

ಮಧುಗಿರಿಯಿಂದ:

ಧ್ವನಿಕಡಿತ. ವಿದ್ಯುತ್ ಕಡಿತ ಇದ್ದ ಹಾಗೆ. ಇದಕ್ಕೆ ಚರ್ಚೆ ಯಾಕೆ?

ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆಯಿಂದ:

ಅರಿಸಮಾಸ, ಸಂಸ್ಕೃತದಂಥ ಬೇರೆ ಭಾಷೆಯ ಪದಕ್ಕೆ ಕನ್ನಡ ಪದ ಬೆಸೆದದ್ದು. ಬಿಟ್ಟುಬಿಡಿ.

‘ದನಿ’ ಅಂದರೆ ‘ಧ್ವನಿ’ಯ ತದ್ಭವ, ಸಮಾಸಕ್ಕೆ ಅಡ್ಡಿಯಿಲ್ಲ. ಆಗಲೂ ‘ದನಿಗಡಿತ’ ಆಗಬೇಕು, ಕಕಾರ ಗಕಾರವಾಗುವ ಆದೇಶಸಂಧಿ ಮರೆಯಬಾರದು. ಆದರೆ ತದ್ಭವ ಅಂದರೂ ಸಾಲ ಸಾಲವೇ. ನಮಗೆ ‘ಉಲಿ’ ಇದೆ. ತಮಿಳಿನ ‘ಒಲಿ’ಯ ಒಡಹುಟ್ಟು, ಅಚ್ಚ ದ್ರಾವಿಡ. ಹಕ್ಕಿಯ ಉಲಿ, ಉಲಿವ ಗಿಳಿ ಅಂತ ಹಳಗನ್ನಡದಿಂದ ಬಂದ ಪದ. ‘ಉಲಿಗಡಿತ’ ಅನ್ನಿ. ಕೇಳಿ ಕೇಳಿ ಅಭ್ಯಾಸ ಆಗುತ್ತದೆ.

ಮಧುಗಿರಿಯಿಂದ:

ಬಸ್ ನಿಲ್ದಾಣವೂ ಅರಿಸಮಾಸವೇ. ಅಲ್ಲಿ ಬಸ್ಸು ನಿಲ್ಲಲ್ವಾ?

ತುಮಕೂರಿನಿಂದ:

ಸಾರ್, ಉಲಿ ಚೆನ್ನಾಗಿದೆ. ಆದರೆ ಆ ಹುಡುಗ ‘ಹುಲಿ’ ಅಂತ ಓದುತ್ತಾನೆ.

ನನ್ನ ತಕರಾರು ‘ಕಡಿತ’ದ ಮೇಲೆ. ವಿದ್ಯುತ್ ಕಡಿತ, ಸಂಬಳ ಕಡಿತ, ಎಲ್ಲದರಲ್ಲೂ ಯಾರೋ ಬೇಕಂತ ಕತ್ತರಿ ಹಾಕುತ್ತಾರೆ. ಇಲ್ಲದಿದ್ದರೆ ನಾಯಿ ಕಡಿತ. ಇಲ್ಲಿ ಕತ್ತರಿಸುವವರೇ ಇಲ್ಲ. ಹೊತ್ತಿಗೆ ಸರಿಯಾಗಿ ಬರಬೇಕಾದ್ದು ಬರಲ್ಲ, ಅಷ್ಟೆ. ಆಗುವುದು ಏನು ಅಂತ ಸ್ವಲ್ಪ ಹೇಳುತ್ತೇನೆ.

ನಾವು ದನಿಯನ್ನು ಸೆಕೆಂಡಿಗೆ 48,000 ಚೂರು ಮಾಡಿ ಹಿಡಿಯುತ್ತೇವೆ. ಒಂದೊಂದೇ ಚೂರು ಸಾಗಿಸಲು ಆಗಲ್ಲ, ಬೊಗಸೆ ಬೊಗಸೆಯಾಗಿ ಹೋಗುತ್ತದೆ. ಆ ಬೊಗಸೆಯೇ ಬಫರ್. ಅಳತೆ 128 ಚೂರು ಅಂತ ಇಟ್ಟರೆ, ಒಂದು ಬೊಗಸೆ ಮುಗಿಸಲು ಕಂಪ್ಯೂಟರಿಗೆ ಸಿಗುವುದು ಸುಮಾರು 2.7 ಮಿಲಿಸೆಕೆಂಡು. ಅಷ್ಟರಲ್ಲಿ ವೈಫೈ ಡ್ರೈವರ್ ನಡುವೆ ಬಾಯಿ ಹಾಕಿ ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೆ ಬೊಗಸೆ ತಪ್ಪಿತು. ಕೇಳುವಾಗ ತಪ್ಪಿದರೆ ಖಾಲಿ, ಹಿಡಿಯುವಾಗ ತಪ್ಪಿದರೆ ಆ ಚೂರು ಹೋಯ್ತು. 512ಕ್ಕೆ ಏರಿಸಿದರೆ 10.7 ಮಿಲಿಸೆಕೆಂಡು ಸಿಗುತ್ತದೆ, ಕಾಟ ಕಡಿಮೆ. ಆದರೆ ಹೆಡ್‌ಫೋನಿನಲ್ಲಿ ತಮ್ಮ ದನಿ ತಡವಾಗಿ ಕೇಳಿ ಹಾಡುವವರಿಗೆ ತಾಳ ತಪ್ಪುತ್ತದೆ. ನಮ್ಮ ಹುಡುಗರು ಯಾರದೋ ಮಾತು ಕೇಳಿ 64ಕ್ಕೆ ಇಳಿಸಿ ಕೂತಿದ್ದರು!

ಶಿಡ್ಲಘಟ್ಟದಿಂದ:

ಹಾಗಾದರೆ ನಮ್ಮ ಊರಿನ ಮಾತೇ ಸರಿ. ರೇಷ್ಮೆ ನೂಲು ಬಿಚ್ಚುವಾಗ ಹಲವು ಗೂಡಿನ ಎಳೆ ಸೇರಿ ಒಂದು ನೂಲು ಆಗುತ್ತದೆ. ಒಂದು ಗೂಡು ಮುಗಿದರೆ ತಕ್ಷಣ ಇನ್ನೊಂದರ ಎಳೆ ಕೊಡಬೇಕು. ಕೈ ತಡವಾದರೆ ನೂಲು ಕೆಟ್ಟಿತು. ನಿಮ್ಮ ಬೊಗಸೆ ಲೆಕ್ಕವೂ ಇದೇ ಅಲ್ವಾ? ‘ಎಳೆ ತಪ್ಪು’ ಅನ್ನಿ ಮೇಡಂ. ಎಳೆ, ಏಳು, ಎಳೆದಾಟ ಎಲ್ಲಕ್ಕೂ ಒಂದೇ ಬೇರು ಅಂತ ನನ್ನ ಅನಿಸಿಕೆ. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆಯಿಂದ:

ಬರೆಯಬೇಡಿ. ‘ಏಳು’ವಿನದು ದೀರ್ಘ. ಸುಮ್ನೆ ಎಲ್ಲವನ್ನೂ ಒಂದೇ ಬೇರಿಗೆ ಕಟ್ಟಬಾರದು.

ತುಮಕೂರಿನಿಂದ:

ಶಿಡ್ಲಘಟ್ಟದವರೇ, ಚೆನ್ನಾಗಿದೆ. ಆದರೆ ಒಂದು ಗೂಡಿನ ಎಳೆ ತಪ್ಪಿದರೆ ನೂಲು ತೆಳುವಾಗುತ್ತದೆ. ಇಲ್ಲಿ ದನಿ ತೆಳುವಾಗಲ್ಲ, ಪೂರ್ತಿ ಹೋಗುತ್ತದೆ. ದನಿ ತೆಳುವಾದರೆ ಅದು ಬೇರೆ ಕಾಯಿಲೆ, ಮೈಕಿನ ವೈರು ನೋಡಬೇಕು. ಹುಡುಗ ಫೋನ್ ಮಾಡಿ ‘ಎಳೆ ತಪ್ಪಿತು ಅಕ್ಕಾ’ ಅಂದರೆ ನಾನು ಯಾವುದು ಅಂದುಕೊಳ್ಳಲಿ?

ಗೌರಿಬಿದನೂರಿನಿಂದ:

ಡ್ರಾಪ್‌ಔಟ್ ಅಂತಲೇ ಬರೆಯಿರಿ. ಮೈಕು, ಕಂಪ್ಯೂಟರು, ಬಫರು, ವೈಫೈ ಎಲ್ಲ ಇರಬಹುದಂತೆ, ಇದೊಂದು ಮಾತ್ರ ಅಚ್ಚಗನ್ನಡ ಆಗಬೇಕಂತೆ. ಮಾಲೂರಿನ ಹಿರಿಯರು ದಿನಾ ಹಾಕುವ ಸಹಿಯಲ್ಲೇ ‘ತಾಲ್ಲೂಕು’, ‘ಜಿಲ್ಲೆ’ ಎರಡೂ ಅರಬ್ಬಿ ಮೂಲದವು. ಮೊದಲು ಅವನ್ನು ವಾಪಸ್ ಕೊಟ್ಟು ಬರಲಿ.

ಮಾಲೂರಿನಿಂದ:

ನೆಲೆನಿಂತ ಸಾಲ ಬೇರೆ. ನಿನ್ನೆ ಬಂದದ್ದು ಬೇರೆ. ‘ಜಿಲ್ಲೆ’ಗೆ ನಮ್ಮ ಬಾಯಿ ಎಕಾರ ಕೊಟ್ಟಿದೆ, ವಿಭಕ್ತಿ ಹತ್ತಿದೆ, ಮನೆಮಗಳಾಗಿದೆ. ಡ್ರಾಪ್‌ಔಟಿಗೆ ಏನು ಹತ್ತಿದೆ?

ಗೌರಿಬಿದನೂರಿನಿಂದ:

ಈಗ ತಾನೇ ನೀವೇ ‘ಡ್ರಾಪ್‌ಔಟಿಗೆ’ ಅಂತ ಹತ್ತಿಸಿದಿರಿ.

ಮಧುಗಿರಿಯಿಂದ:

ಧ್ವನಿಕಡಿತ. ಎರಡನೇ ಸಲ ಹೇಳುತ್ತಿದ್ದೇನೆ.

ತುಮಕೂರಿನಿಂದ:

ಅಂಗಡಿಯಿಂದಲೇ ಬರೆಯುತ್ತಿದ್ದೇನೆ. ನಾಮಪದ ಹುಡುಕಿದ್ದೇ ನನ್ನ ತಪ್ಪು ಅನ್ನಿಸಿತು. ಹುಡುಗರು ಬಾಯಲ್ಲಿ ಹೇಳುವುದನ್ನೇ ಬರೆಸಿದೆ. ದೊಡ್ಡಕ್ಷರದಲ್ಲಿ, ‘ದನಿ ಮಧ್ಯೆ ಮಧ್ಯೆ ನಿಂತು ಹೋಗ್ತಿದೆಯಾ?’ ಕೆಳಗೆ ಇಷ್ಟು: ಪೆಟ್ಟಿಗೆಯ ವೈರು ಹಲವು ವೈರು ಚುಚ್ಚುವ ಯುಎಸ್‌ಬಿ ಹಬ್‌ಗಲ್ಲ, ನೇರ ಕಂಪ್ಯೂಟರಿಗೇ ಚುಚ್ಚಿ. ವೈಫೈ ಆಫ್ ಮಾಡಿ. ಯುಎಸ್‌ಬಿಯ ಕರೆಂಟು ಉಳಿಸುವ ಸೆಟಿಂಗ್ ಆಫ್ ಮಾಡಿ. ಪೆಟ್ಟಿಗೆಯಲ್ಲೂ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲೂ 48,000ವೇ ಇದೆಯಾ ನೋಡಿ. ಬಫರ್ 256. ಆಗಲೂ ನಿಂತರೆ 512. ಅದಕ್ಕೂ ಬಗ್ಗದಿದ್ದರೆ ಮಾತ್ರ ಡ್ರೈವರ್ ತೆಗೆದು ಹೊಸದಾಗಿ ಹಾಕಿ.

ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮಾಲೂರಿನಿಂದ:

‘ಮಧ್ಯೆ’ ಸಂಸ್ಕೃತ. ‘ನಡುನಡುವೆ’ ಅನ್ನಬೇಕಿತ್ತು.

ತುಮಕೂರಿನಿಂದ:

ಲ್ಯಾಮಿನೇಷನ್ ಆಗಿಹೋಯ್ತು ಸಾರ್.