ಸ್ಪೇನ್ ಗಣರಾಜ್ಯ ಸೋತಿದ್ದು ಒಳಜಗಳಕ್ಕಾ, ಹೊರಗಿನವರ ಕೈವಾಡಕ್ಕಾ?

ಗುಬ್ಬಿಗೂಡು: 1936–39ರ ಸ್ಪೇನ್ ಅಂತರ್ಯುದ್ಧ ಅಂದ್ರೆ ಸಾಕು, ಎಲ್ಲರೂ ಹಿಟ್ಲರ್, ಮುಸೊಲಿನಿ ಕಡೆ ಬೊಟ್ಟು ಮಾಡ್ತಾರೆ. ನನ್ನ ಪ್ರಕಾರ ಗಣರಾಜ್ಯದವರು, ಅಂದ್ರೆ ಚುನಾಯಿತ ಸರ್ಕಾರದ ಪರ ಇದ್ದವರು, ತಮ್ಮತಮ್ಮಲ್ಲೇ ಕಚ್ಚಾಡಿ ಕೆಟ್ಟರು. 1937ರ ಮೇ 3ರಂದು ಬಾರ್ಸಿಲೋನಾದಲ್ಲಿ ಏನಾಯ್ತು? ಟೆಲಿಫೋನ್ ಎಕ್ಸ್‌ಚೇಂಜ್ ಅರಾಜಕತಾವಾದಿ (ಸರ್ಕಾರವೇ ಬೇಡ ಅನ್ನೋ) ಕಾರ್ಮಿಕರ ಹಿಡಿತದಲ್ಲಿತ್ತು. ವಶ ಮಾಡ್ಕೊಳ್ಳೋಕೆ ಸರ್ಕಾರದ ಪೊಲೀಸರು ನುಗ್ಗಿದ್ರು, ಮೇಲಿನ ಮಹಡಿಯಿಂದ ಗುಂಡು ಹಾರ್ತು. ಆಮೇಲೆ ದಿನಗಟ್ಟಲೆ ರಸ್ತೆ ಕಲ್ಲು ಕಿತ್ತು ಅಡ್ಡ ಪೇರಿಸ್ಕೊಂಡು ಹೊಡೆದಾಟ. ಎರಡೂ ಕಡೆ ಇದ್ದವರು ದಂಗೆಕೋರ ಸೇನಾಧಿಕಾರಿ ಫ್ರಾಂಕೊನ ವಿರೋಧಿಗಳೇ!

ಚಹಾಪುಡಿ: ಸ್ವಲ್ಪ ಹಿಂದಕ್ಕೆ ಹೋಗಿ ಸರ್. 1936ರ ಜುಲೈನಲ್ಲಿ ದಂಗೆ ಎದ್ದಾಗ ಫ್ರಾಂಕೊನ ಪಳಗಿದ ಪಡೆ ಮೊರೊಕ್ಕೊದಲ್ಲೇ ಸಿಕ್ಕಿಹಾಕ್ಕೊಂಡಿತ್ತು. ನಾವಿಕರು ತಮ್ಮ ಅಧಿಕಾರಿಗಳ ಮೇಲೇ ತಿರುಗಿಬಿದ್ದು ಗಣರಾಜ್ಯದ ಪರ ನಿಂತ್ರು, ಸ್ಪೇನ್‌ಗೆ ಬರೋಕೆ ಜಿಬ್ರಾಲ್ಟರ್ ಜಲಸಂಧಿ ದಾಟೋ ಹಾಗಿರಲಿಲ್ಲ. ಹಿಟ್ಲರ್ 20 ಯುಂಕರ್ಸ್ ಸಾಗಣೆ ವಿಮಾನ ಕಳಿಸಿದ ಮೇಲೆ ತಾನೇ ಸೈನಿಕರು ಸ್ಪೇನಿನ ಸೆವಿಲ್ಲೆ ಮುಟ್ಟಿದ್ದು?

ಅಡ್ಡಮಾತು: ರಷ್ಯಾ ಏನು ಸುಮ್ನಿತ್ತಾ ಗುರು?

ಚಹಾಪುಡಿ: ಇಲ್ಲ, ಗಣರಾಜ್ಯಕ್ಕೆ ಶಸ್ತ್ರ ಕೊಟ್ಟಿತು, ಆದ್ರೆ ಸ್ಟಾಲಿನ್ ದುಡ್ಡು ಎಣಿಸ್ಕೊಂಡೇ ಕೊಟ್ಟಿದ್ದು. ಸ್ಪೇನಿನ ಕಾರ್ತಹೇನಾ ಬಂದರಿನಿಂದ 510 ಟನ್ ಚಿನ್ನ ಸೋವಿಯತ್ ಬಂದರು ಒಡೆಸಾಗೆ ಹೋಯ್ತು. ಫ್ರಾಂಕೊಗೆ ಮಾತ್ರ ಜರ್ಮನಿ, ಇಟಲಿ ಸಾಲಕ್ಕೆ ಕೊಟ್ವು. ಅಮೆರಿಕದ ಟೆಕ್ಸಾಕೊ ಎಣ್ಣೆನೂ ಸಾಲಕ್ಕೇ!

ಕಡಲತಡಿ: ಎಂತ ಮಾರಾಯ್ರೆ, ಲಂಡನ್ನಿನ ಆ ಸಮಿತಿಯನ್ನು ಮರೆತೇಬಿಟ್ರಾ? ‘ನಾವು ಮಧ್ಯೆ ಬರುವುದಿಲ್ಲ, ಯಾರಿಗೂ ಶಸ್ತ್ರ ಕೊಡುವುದಿಲ್ಲ’ ಅಂತ 27 ದೇಶಗಳು ಒಪ್ಪಿದ್ದವು, ಜರ್ಮನಿ, ಇಟಲಿ, ರಷ್ಯಾವೂ ಸೇರಿ. 1937ರ ಏಪ್ರಿಲ್ 26, ಸೋಮವಾರ, ಸಂತೆಯ ದಿನ ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬ್ ಸುರಿದ ಕಾಂಡೊರ್ ಪಡೆ ಯಾರದ್ದು? ಅದೇ ಜರ್ಮನಿಯದ್ದು. ಚುನಾಯಿತ ಸರ್ಕಾರಕ್ಕೆ ಮಾತ್ರ ಬ್ರಿಟನ್, ಫ್ರಾನ್ಸ್‌ನಿಂದ ದುಡ್ಡು ಕೊಟ್ಟರೂ ಬಂದೂಕಿಲ್ಲ.

ಗುಬ್ಬಿಗೂಡು: ಸರಿ, ಆದ್ರೆ ಜಗಳ ಫ್ರಾಂಕೊ ಕಡೆನೂ ಇತ್ತು. ರಾಜಪ್ರಭುತ್ವ ಬೇಕೆನ್ನೋ ಕಾರ್ಲಿಸ್ಟರಿಗೂ ಫ್ಯಾಸಿಸ್ಟ್ ಪಕ್ಷ ಫಲಾಂಜ್‌ನವರಿಗೂ ಎಣ್ಣೆ-ಸೀಗೆಕಾಯಿ. 1937ರ ಏಪ್ರಿಲ್‌ನಲ್ಲಿ ಫ್ರಾಂಕೊ ಒಂದೇ ಆದೇಶದಲ್ಲಿ ಇಬ್ಬರನ್ನೂ ಒಂದು ಪಕ್ಷ ಮಾಡಿದ. ಫಲಾಂಜ್ ನಾಯಕ ಹೆದಿಯಾ ಜೈಲು ಸೇರಿದ. ಗಣರಾಜ್ಯದವರ ಕೈಲಿ ಮಾತ್ರ ಹಾಗೆ ಒಗ್ಗಟ್ಟು ಆಗಲಿಲ್ಲ.

ಹಳೇಪೇಪರ್: ಆ ಜಗಳಾನ ಬೆಳೆಸಿದ್ದೂ ಶಸ್ತ್ರದ ಬರವೇ. ಯುದ್ಧ ಶುರುವಾದಾಗ ಕಮ್ಯುನಿಸ್ಟರದ್ದು ಚಿಕ್ಕ ಪಕ್ಷ. ಟ್ಯಾಂಕು, ವಿಮಾನ ಮಾಸ್ಕೋದಿಂದ ಬರೋಕೆ ಶುರುವಾದ ಮೇಲೆ ಅವರ ಮಾತಿಗೆ ತೂಕ ಬಂತು. ನೀವು ಹೇಳಿದ ಮೇ ಗಲಾಟೆ ಆಗಿ ತಿಂಗಳೊಪ್ಪತ್ತಿನಲ್ಲಿ ಸ್ಟಾಲಿನ್ ವಿರೋಧಿ ಎಡಪಕ್ಷ ಪೌಮ್ ನಿಷೇಧ ಆಯ್ತು. ಅದರ ನಾಯಕ ಆಂದ್ರೆಯು ನಿನ್‌ರನ್ನು ಹೊತ್ತೊಯ್ದು ಕೊಂದವರು ಸೋವಿಯತ್ ಗುಪ್ತಚರರು. ಫ್ರಾನ್ಸ್, ಬ್ರಿಟನ್ ಬಂದೂಕು ಮಾರಿದ್ದಿದ್ರೆ ಸ್ಟಾಲಿನ್‌ಗೆ ಇಷ್ಟು ಸಲಿಗೆ ಸಿಗ್ತಿತ್ತಾ?

ಗುಬ್ಬಿಗೂಡು: ಇದು ನನಗೆ ಹೊಳೆದಿರಲಿಲ್ಲ. ಆದ್ರೂ 1939ರ ಮಾರ್ಚ್ 5ರಂದು ಮ್ಯಾಡ್ರಿಡ್‌ನಲ್ಲಿ ಗಣರಾಜ್ಯದ ಸೇನೆಯ ಕರ್ನಲ್ ಕಸಾಡೊ ತನ್ನದೇ ಸರ್ಕಾರದ ವಿರುದ್ಧ ಎದ್ದನಲ್ಲ, ಅದಕ್ಕೆ ಯಾರನ್ನ ಬೈಯೋಣ?

ಹಳೇಪೇಪರ್: ಬ್ರಿಟನ್, ಫ್ರಾನ್ಸ್ ಫ್ರಾಂಕೊ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿದ್ದು ಫೆಬ್ರವರಿ 27ಕ್ಕೆ. ನಡುವೆ ಎಷ್ಟು ದಿನ ಅಂತ ನೀವೇ ಎಣಿಸಿ ಸರ್.