ತಕ್‌ಪಟ್ಟಿಯಲ್ಲಿ ಕನ್ನಡ ಹೋಗಿ ರೋಮನ್ ಅಕ್ಷರ ಬರುತ್ತಿದೆ, ತುರ್ತಾಗಿ ಪರಿಹಾರ ಬೇಕು

ಗಂಜ್ ಲೆಕ್ಕ, ಕಲಬುರಗಿ:
ಮೂರು ದಿನಗಳಿಂದ ತಲೆ ಕೆಟ್ಟುಹೋಗಿದೆ. ನೆಹರು ಗಂಜಿನಲ್ಲಿ ನಮ್ಮದು ರೈತರ ಮಾಲು ಮಾರಿಸಿಕೊಡುವ ಅಡತ್ ಅಂಗಡಿ. ಫಾರಂ ತಯಾರಿಸುವ ತಂತ್ರಾಂಶದಲ್ಲಿ ತಕ್‌ಪಟ್ಟಿಯ, ಎಂದರೆ ರೈತರಿಗೆ ಕೊಡುವ ಲೆಕ್ಕದ ಚೀಟಿಯ, ನಮೂನೆ ಮಾಡಿಸಿ, ಲೇಸರ್ ಪ್ರಿಂಟರಿಗೆ ಕನ್ನಡ ಫಾಂಟ್ ಹಾಕಿಸಿದ್ದೆ. ಚೆನ್ನಾಗಿಯೇ ಬರುತ್ತಿತ್ತು. ಈಗ ಗೆರೆ, ಚೌಕ, ಅಂಕಿ ಎಲ್ಲ ಸರಿ, ಆದರೆ 'ತೊಗರಿ' ಎಂದಿರಬೇಕಾದಲ್ಲಿ ರೋಮನ್ ಲಿಪಿಯ ವಿ, ಯು, ಜೆ ಬಂದು, ನಡುನಡುವೆ ಏನೇನೋ ಗುರುತುಗಳು. ಆಳಂದದ ಕಡೆಯ ರೈತರೊಬ್ಬರು ಚೀಟಿ ಹಿಡಿದು 'ಹಮಾಲಿ ಎಷ್ಟು ಹಿಡಿದಿದ್ದೀರಿ, ಯಾವ ಸಾಲು?' ಎಂದು ಕೇಳಿದರು. ಅವರ ಮಾಲಿನ ಲೆಕ್ಕ ಅವರಿಗೇ ಓದಲು ಬರದಂತಾಯಿತು. ಸುಗ್ಗಿಯ ಕಾಲ, ಬೇಗ ಹೇಳಿ.

ಶಹಾಪುರ ಡಿಟಿಪಿ:
ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶದ ಹಳೆಯ ಫಾಂಟ್ ಬಳಸಿರುತ್ತೀರಿ. ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ ಯುನಿಕೋಡ್‌ಗೆ ಬನ್ನಿ, ಎಲ್ಲ ಸರಿಹೋಗುತ್ತದೆ.

ಹುಮನಾಬಾದ್ ಸರ್ವಿಸ್:
ಯುನಿಕೋಡ್ ಮಾತು ಆಮೇಲೆ. ಇದು ಮೆಮೊರಿ ಸಾಲದ ತೊಂದರೆ. ಫಲಕದಲ್ಲಿ 20 ಎಂಬ ದೋಷ ಸಂಖ್ಯೆ ಬಂತೇ? ಪ್ರಿಂಟರ್ ಯಾವುದು?

ಗಂಜ್ ಲೆಕ್ಕ:
ಯಾವ ದೋಷವೂ ತೋರಿಸುತ್ತಿಲ್ಲ. ಪಿಸಿಎಲ್ 5 ಎಂಬ ಪ್ರಿಂಟರ್ ಆದೇಶ ಭಾಷೆ ತಿಳಿಯುವ ಹಳೆಯ ಯಂತ್ರ. ಫಾಂಟ್ ನುಡಿಯದೇ. ವಿಂಡೋಸ್‌ನ ಬೇರೆ ತಂತ್ರಾಂಶದಿಂದ ಕೊಟ್ಟರೆ ಅದೇ ಫಾಂಟ್ ಸರಿಯಾಗಿ ಬರುತ್ತದೆ.

ಶಹಾಪುರ ಡಿಟಿಪಿ:
ನಾನು ಹೇಳಿದ್ದು ನಿಜವಾಯಿತಲ್ಲವೇ? ಹಳೆಯ ಸಂಕೇತವೇ ಮೂಲ.

ಹುಮನಾಬಾದ್ ಸರ್ವಿಸ್:
ದೋಷ ತೋರಿಸದೆಯೂ ಮೆಮೊರಿ ತುಂಬುವುದುಂಟು. ಒಂದು ಮೆಮೊರಿ ಕಾರ್ಡ್ ಹಾಕಿ ನೋಡಿ.

ಗಂಜ್ ಲೆಕ್ಕ:
ಹಾಕಿಸಿದೆ. ನಿನ್ನೆ ಬೆಳಿಗ್ಗೆ ಕಾರ್ಡ್ ಹಾಕಿದವರೇ ಫಾಂಟ್ ಮತ್ತೆ ಇಳಿಸಿಕೊಟ್ಟು ಹೋದರು. ಹನ್ನೊಂದರವರೆಗೆ ಸರಿ ಬಂತು. ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಅದೇ ರೋಮನ್. ದುಡ್ಡೂ ಹೋಯಿತು, ದಿನವೂ ಹೋಯಿತು.

ಬೀದರ್ ಅಚ್ಚುಮನೆ:
ಅಣ್ಣ, ಕರೆಂಟ್ ಹೋದ ಮಾತನ್ನು ಮೊದಲೇ ಹೇಳಬೇಕಿತ್ತು. ನಿಮ್ಮ ಗಂಟು ಇರುವುದೇ ಅಲ್ಲಿ. ಅಚ್ಚಾದದ್ದನ್ನು ಗಮನಿಸಿ: ನುಡಿಯ ಹಳೆಯ ಸಂಕೇತದಲ್ಲಿ 'ತ'ದ ಒಡಲು ವಿ ಅಕ್ಷರದ ಜಾಗದಲ್ಲಿದೆ, 'ಗ'ದ ಒಡಲು ಯು ಜಾಗದಲ್ಲಿ, 'ರಿ' ಜೆ ಜಾಗದಲ್ಲಿ. ಎಂದರೆ ಕಂಪ್ಯೂಟರ್ ಕಳಿಸಿದ್ದು ತೊಗರಿಯನ್ನೇ. ಪ್ರಿಂಟರಿನೊಳಗೆ ಕನ್ನಡದ ಫಾಂಟ್ ಇಲ್ಲದ್ದರಿಂದ ಅದು ತನ್ನಲ್ಲಿದ್ದ ಕೊರಿಯರ್ ಎಂಬ ರೋಮನ್ ಫಾಂಟಿನಲ್ಲಿ ಮುದ್ರಿಸಿತು.

ಗೆರೆ, ಚೌಕಗಳನ್ನು ನಿಮ್ಮ ತಂತ್ರಾಂಶ ಪ್ರತಿ ಚೀಟಿಯೊಂದಿಗೂ ಕಳಿಸುತ್ತಿದೆ. ಫಾಂಟನ್ನು ಒಮ್ಮೆ ಮಾತ್ರ ಇಳಿಸಿ, ಆಮೇಲೆ ಬರೀ ಅದರ ಗುರುತಿನ ಸಂಖ್ಯೆ ಹೇಳಿ ಕರೆಯುತ್ತಿದೆ. ಆ ಸಂಖ್ಯೆಯ ಫಾಂಟ್ ಸಿಗದಿದ್ದರೆ ಪ್ರಿಂಟರ್ ದೂರು ಹೇಳುವುದಿಲ್ಲ, ಸದ್ಯ ಇರುವ ಫಾಂಟಿನಲ್ಲೇ ಮುಂದುವರಿಯುತ್ತದೆ. ಪಿಸಿಎಲ್‌ನಲ್ಲಿ ಇಳಿಸಿದ ಫಾಂಟ್ ಎರಡು ಬಗೆ. ತಾತ್ಕಾಲಿಕವಾದದ್ದು ರೀಸೆಟ್ ಆದೇಶ ಬಂದರೆ ಅಳಿಯುತ್ತದೆ, ಶಾಶ್ವತವಾದದ್ದು ರೀಸೆಟ್ ಆದರೂ ಉಳಿಯುತ್ತದೆ. 'ಶಾಶ್ವತ' ಎಂಬ ಹೆಸರು ಬಹಳ ಜನರನ್ನು ದಾರಿ ತಪ್ಪಿಸಿದೆ. ಅದೂ ಇರುವುದು ರ‍್ಯಾಮ್‌ನಲ್ಲಿ, ಕರೆಂಟ್ ಹೋದರೆ ಹೋಯಿತು. ವಿಂಡೋಸ್ ಡ್ರೈವರ್ ಪ್ರತಿ ಸಲವೂ ಅಕ್ಷರಗಳನ್ನು ತಾನೇ ಕಳಿಸುವುದರಿಂದ ಆ ಕಡೆಯಿಂದ ಸರಿ ಬರುತ್ತದೆ.

ಹುಮನಾಬಾದ್ ಸರ್ವಿಸ್:
ಹಾಗಾದರೆ ಪ್ರಿಂಟರನ್ನು ಯುಪಿಎಸ್‌ಗೆ ಹಾಕಿಬಿಡಿ. ಕೆಲಸ ಮುಗಿಯಿತು.

ಬೀದರ್ ಅಚ್ಚುಮನೆ:
ದಯವಿಟ್ಟು ಹಾಕಬೇಡಿ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಅಂಗಡಿಯ ಸಣ್ಣ ಯುಪಿಎಸ್ ತಾಳುವುದಿಲ್ಲ.

ಹುಮನಾಬಾದ್ ಸರ್ವಿಸ್:
ನಾನು ನಾಲ್ಕು ಕಡೆ ಹಾಕಿಕೊಟ್ಟಿದ್ದೇನೆ, ನಡೆಯುತ್ತಿವೆ. ಪುಸ್ತಕ ಓದಿ ಹೇಳುತ್ತಿಲ್ಲ.

ಬೀದರ್ ಅಚ್ಚುಮನೆ:
ನಾನೂ ಕೈಯಾರೆ ಮಾಡಿದವನು, ಸರ್. ನನ್ನ ಬಳಿ 1990ರಲ್ಲಿ ಬಂದ ಲೇಸರ್‌ಜೆಟ್ 3 ಇದೆ, ಪಿಸಿಎಲ್ 5 ಬಂದದ್ದೇ ಅದರೊಂದಿಗೆ. ಪಕ್ಕದಲ್ಲಿ 1992ರ ಲೇಸರ್‌ಜೆಟ್ 4, ಇಂಚಿಗೆ 600 ಚುಕ್ಕೆ. ಎರಡೂ ಇಂದಿಗೂ ಲಗ್ನಪತ್ರಿಕೆಯ ಕರಡು ತೆಗೆಯುತ್ತವೆ. ಫಾಂಟ್ ಕಾರ್ಟ್ರಿಜ್‌ಗಳನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಶಹಾಪುರ ಡಿಟಿಪಿ:
ಲೇಸರ್‌ಜೆಟ್ 3ಕ್ಕೆ ಟೋನರ್ ಎಲ್ಲಿ ಸಿಗುತ್ತದೆ? ನನಗೂ ಒಂದು ಬೇಕಿತ್ತು.

ಗಂಜ್ ಲೆಕ್ಕ:
ಟೋನರ್ ಮಾತು ಬೇರೆ ಕಡೆ ಆಡಿ. ನಾನು ಈಗ ಏನು ಮಾಡಲಿ?

ಬೀದರ್ ಅಚ್ಚುಮನೆ:
ನಿಮ್ಮ ಫಾಂಟ್ ಕಡತವನ್ನು ಪ್ರಿಂಟರಿಗೆ ಕಳಿಸುವ ಕಾಪಿ ಆದೇಶವನ್ನು ಒಂದು ಬ್ಯಾಚ್ ಕಡತದಲ್ಲಿ, ಎಂದರೆ ಓಡಿಸಿದರೆ ಒಳಗಿನ ಆದೇಶಗಳು ನಡೆಯುವ ಕಡತದಲ್ಲಿ, ಬರೆದಿಡಿ. ಕರೆಂಟ್ ಬಂದು ಪ್ರಿಂಟರ್ ಸಿದ್ಧವಾದ ಕೂಡಲೇ ಅದನ್ನು ಓಡಿಸಿ, ಆಮೇಲೆ ಚೀಟಿ ತೆಗೆಯಿರಿ.

ಗಂಜ್ ಲೆಕ್ಕ:
ಮಾಡಿದೆ. ಇನ್ನೂ ಕೆಟ್ಟಿತು. ರೋಮನ್ ಹೋಗಲಿಲ್ಲ, ಮೊದಲ ಚೀಟಿಯ ತಲೆಬರಹವೂ ಕಾಣೆಯಾಯಿತು.

ಬೀದರ್ ಅಚ್ಚುಮನೆ:
ನಾನೇ ಬಿಡಿಸಿ ಹೇಳಬೇಕಿತ್ತು. ಆದೇಶದಲ್ಲಿ ಕಾಪಿ ಎಂಬ ಪದ ಆದ ಮೇಲೆ ಓರೆಗೆರೆ ಹಾಕಿ ಬಿ ಅಕ್ಷರ ಸೇರಿಸಿ. ಅದಿಲ್ಲದಿದ್ದರೆ 26ನೆಯ ಸಂಕೇತ ಸಿಕ್ಕ ಜಾಗದಲ್ಲಿ ಕಡತ ಮುಗಿಯಿತೆಂದು ಕಳಿಸುವುದು ನಿಲ್ಲುತ್ತದೆ. ಫಾಂಟ್ ಕಡತದಲ್ಲಿ ಆ ಸಂಕೇತ ಎಲ್ಲಿ ಬೇಕಾದರೂ ಇರಬಹುದು. ಉಳಿದರ್ಧಕ್ಕೆ ಕಾಯುತ್ತಿದ್ದ ಪ್ರಿಂಟರ್ ನಿಮ್ಮ ತಲೆಬರಹವನ್ನೇ ಫಾಂಟೆಂದು ನುಂಗಿದೆ. ಒಮ್ಮೆ ಆರಿಸಿ, ಹಾಕಿ, ಮತ್ತೆ ಕಳಿಸಿ.

ಗಂಜ್ ಲೆಕ್ಕ:
ಬಂತು! ತೊಗರಿ, ತೂಕ, ಹಮಾಲಿ ಎಲ್ಲವೂ ಕನ್ನಡದಲ್ಲಿ ಬಂತು. ಮಧ್ಯಾಹ್ನ ಎರಡು ಸಲ ಕರೆಂಟ್ ಹೋಯಿತು, ಎರಡು ಸಲವೂ ಬ್ಯಾಚ್ ಕಡತ ಓಡಿಸಿದ ಮೇಲೆ ಸರಿಯಾಯಿತು. ನಿಮಗೆ ಕೈಮುಗಿಯುತ್ತೇನೆ. ಆದರೆ ಅಂಗಡಿಯ ಹೆಸರು ದಪ್ಪಕ್ಷರದಲ್ಲಿದೆ, ಅದೊಂದು ಇನ್ನೂ ರೋಮನ್ನಿನಲ್ಲೇ ಬರುತ್ತಿದೆ.

ಬೀದರ್ ಅಚ್ಚುಮನೆ:
ದಪ್ಪಕ್ಷರ ಬೇರೆಯೇ ಫಾಂಟ್, ಬೇರೆ ಕಡತ, ಬೇರೆ ಸಂಖ್ಯೆ. ಅದನ್ನೂ ಹಾಗೆಯೇ ಕಳಿಸಬೇಕು.

ಶಹಾಪುರ ಡಿಟಿಪಿ:
ಯುನಿಕೋಡ್ ಆಗಿದ್ದರೆ ಈ ಪಾಡು ಇರುತ್ತಿರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಬೀದರ್ ಅಚ್ಚುಮನೆ:
ಯುನಿಕೋಡ್ ಫಾಂಟಿನ ಒತ್ತಕ್ಷರಗಳನ್ನು ಆ ಪ್ರಿಂಟರ್ ತಾನಾಗಿ ಜೋಡಿಸುವುದಿಲ್ಲ, ಸರ್. ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಅಲ್ಲಿ ಬರುತ್ತೇನೆ.

ಗಂಜ್ ಲೆಕ್ಕ:
ದಪ್ಪಕ್ಷರದ ಕಡತ ಹಳೆಯ ಕಂಪ್ಯೂಟರಿನಲ್ಲಿತ್ತು, ಅದರ ಹಾರ್ಡ್ ಡಿಸ್ಕ್ ಕೆಟ್ಟಿದೆ. ನುಡಿಯ ದಪ್ಪಕ್ಷರವನ್ನು ಪಿಸಿಎಲ್ ಫಾಂಟಾಗಿ ಪರಿವರ್ತಿಸಿದವರು ಯಾರಾದರೂ ಇದ್ದೀರಾ? ಕಲಬುರಗಿಯವರಾದರೆ ನಾನೇ ಪೆನ್‌ಡ್ರೈವ್ ತೆಗೆದುಕೊಂಡು ಬರುತ್ತೇನೆ.